ಸರಿಯುತ್ತರದ ಕಡೆ ಬಾಗುವ ದನಿ

ಹೊನ್ನಾವರದ ನಮ್ಮ ಕಾಲೇಜಿನಲ್ಲಿ ಇಬ್ಬರು ಫಿಸಿಕ್ಸ್ ಲೆಕ್ಚರರ್ ಇದ್ದರು. ಒಬ್ಬರು ಸಂಬಳ ತೆಗೆದುಕೊಳ್ಳುವವರು, ಇನ್ನೊಬ್ಬ ನಾನು. ಅವರು ಧಾರವಾಡದ ಕಡೆಯವರು. ಚಾಕ್‌ಪೀಸನ್ನು ಸಿಗರೇಟಿನಂತೆ ಎರಡು ಬೆರಳ ನಡುವೆ ಹಿಡಿದು, "ಹಿಂಗ ನೋಡ್ರಿ, ಗುರುತ್ವ ಅಂದ್ರ ಏನು" ಎಂದು ಅವರು ಶುರು ಮಾಡಿದರೆ, ಅದೇ ದನಿ, ಅದೇ ಕೆಮ್ಮು, ಒಂದು ಕ್ಷಣ ತಡವಾಗಿ ಕೊನೆಯ ಬೆಂಚಿನಿಂದಲೂ ಹೊರಡುತ್ತಿತ್ತು. ಒಮ್ಮೆ ಅವರು ರಜೆ ಹಾಕಿದ ದಿನ ಪ್ರಿನ್ಸಿಪಾಲರು ವರಾಂಡದಲ್ಲಿ ಬಂದವರು, ಒಳಗೆ ಪಾಠ ನಡೆಯುತ್ತಿದೆಯೆಂದು ತಿಳಿದು ನೆಮ್ಮದಿಯಿಂದ ಹಾದುಹೋದರು. ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಕಾಣುತ್ತಿರಲಿಲ್ಲ. "ಇವ ದೇವರ ಹತ್ರ ಬೇಡ್ಕಂಬೂದೂ ದೇವಸ್ಥಾನದ ಭಟ್ಟರ ದನಿಯಲ್ಲೇ. ದೇವರಿಗೆ ಯಾರು ಬೇಡಿದ್ದು ಅಂತ ಹ್ಯಾಂಗೆ ಗೊತ್ತಾಗೂದು?" ಎನ್ನುತ್ತಿದ್ದಳು. ನನ್ನ ಮಾರ್ಕ್ಸ್ ನೋಡಿದರೆ ನಾನು ಬೇಡಿದ ವರ ಭಟ್ಟರಿಗೇ ಸಿಕ್ಕಿರಬೇಕು.

ಅಕ್ಕ ನನಗಿಂತ ಒಂದೇ ವರ್ಷ ದೊಡ್ಡವಳು. ಚಿಕ್ಕವಳಿದ್ದಾಗ ಆಯಿ ಮೀನು ಕೊಯ್ಯಲು ಕೂತರೆ ಇವಳೂ ಪಕ್ಕದಲ್ಲಿ ಕೂತು, ಬಂಗಡೆಯ ಹೊಟ್ಟೆಯೊಳಗಿನದನ್ನೆಲ್ಲ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ, ಇದೆಂತ, ಅದೆಂತ ಎಂದು ಕೇಳುತ್ತಿದ್ದಳು. "ಸಾರಿಗೆ ತಂದದ್ದು ಅದು, ನಿನ್ನ ಆಟಕ್ಕಲ್ಲ" ಎಂದು ಆಯಿ ಗದರಿದರೂ ಕೈ ತೆಗೆಯುತ್ತಿರಲಿಲ್ಲ. ಆಗಿನಿಂದಲೂ ಅವಳಿಗೆ ಡಾಕ್ಟರಾಗುವ ಹಟ. ನಮ್ಮ ಅಪ್ಪ ಬೋಟಿನ ತಾಂಡೇಲ. ಸಮುದ್ರದ ಮೇಲೆ ಬೋಟು ಅವನು ಹೇಳಿದ ಕಡೆ ತಿರುಗುತ್ತಿತ್ತು. ಮನೆಯಲ್ಲಿ ಯಾವುದೂ ತಿರುಗುತ್ತಿರಲಿಲ್ಲ.

ಹಿಂದಿನ ವರ್ಷ ಅಕ್ಕ ಎಂಟ್ರೆನ್ಸ್ ಪರೀಕ್ಷೆ ಬರೆದು ಸೀಟು ಸಿಗದೆ ಬಿಎಸ್ಸಿಗೆ ಸೇರಿದ್ದಳು. ಓದಿದ್ದು ಕಡಿಮೆಯಾಗಿ ಅಲ್ಲ. ಆ ಪರೀಕ್ಷೆಯ ರೀತಿಯೇ ಬೇರೆ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಿ ಮುಂದೆ ಓಡಬೇಕು. ಅಕ್ಕ ಓಡುವವಳಲ್ಲ. ಒಂದೊಂದು ಪ್ರಶ್ನೆಯ ಮನೆಗೂ ಹೋಗಿ, ಕಾಲು ತೊಳೆದು, ಯೋಗಕ್ಷೇಮ ವಿಚಾರಿಸಿ, ಎದ್ದು ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು. ಕೊನೆಯ ಪುಟಗಳನ್ನು ಅವಳು ನೋಡಿಯೇ ಇರಲಿಲ್ಲ.

"ಇದೊಂದು ಸಲ ಬರಿ" ಎಂದ ಅಪ್ಪ. "ಆಗ್ದಿದ್ರೆ ಬಿಎಸ್ಸಿ ಮುಗ್ಸು. ಮತ್ತೆ ಡಾಕ್ಟರ್ ಮಾತು ಬೇಡ. ನೀ ಹೀಂಗೆ ಮುಖ ಸಣ್ಣ ಮಾಡ್ಕಂಡು ತಿರುಗೂದು ನೋಡೂಕೆ ನನ್ನಿಂದ ಆಗೂದಿಲ್ಲ."

ಅದೇ ವರ್ಷ ನಾನೂ ಪಿಯುಸಿ ಮುಗಿಸುವವನು, ನನಗೂ ಅದೇ ಪರೀಕ್ಷೆ. ನನ್ನ ಮೇಲೆ ಯಾರಿಗೂ ಆಸೆ ಇರಲಿಲ್ಲ. ಅದರಷ್ಟು ಸುಖ ಬೇರೆ ಇಲ್ಲ.

ಅಕ್ಕನಿಗೆ ಬೇಕಾದದ್ದು ಗಡಿಯಾರ ಇಟ್ಟುಕೊಂಡು ಬರೆಯುವ ಅಭ್ಯಾಸ. ಕುಮಟಾದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದ ನಮ್ಮ ಸೋದರಮಾವ ಎಲ್ಲಿಂದಲೋ ಒಂದು ಪುಸ್ತಕ ಹುಡುಕಿ ತಂದ. ಬೆಂಗಳೂರಿನ ಟ್ಯುಟೋರಿಯಲ್‌ನವರು ಅಚ್ಚು ಹಾಕಿಸಿದ ದಪ್ಪನೆಯ ಪುಸ್ತಕ, ಒಳಗೆಲ್ಲ ಮಾದರಿ ಪ್ರಶ್ನೆಪತ್ರಿಕೆಗಳು. ಹೊನ್ನಾವರದಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಅಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತೆರೆದ ಕೂಡಲೇ ಮುಖ ಇಳಿಯಿತು. ಪುಸ್ತಕದ ಮೊದಲ ಒಡೆಯ ಬಲು ಶಿಸ್ತಿನವನಿರಬೇಕು. ಪ್ರತಿ ಪ್ರಶ್ನೆಯ ಸರಿಯುತ್ತರಕ್ಕೂ ಕೆಂಪು ಬಾಲ್‌ಪೆನ್ನಿನಿಂದ ದಪ್ಪಗೆ ಟಿಕ್ ಹಾಕಿದ್ದ. ಬ್ಲೇಡಿನಿಂದ ಕೆರೆದು ನೋಡಿದೆವು, ಕಾಗದ ಹರಿಯಿತೇ ಹೊರತು ಟಿಕ್ ಹೋಗಲಿಲ್ಲ.

"ಹೀಗೆ ಮಾಡೋಣ. ಒಬ್ಬ ಓದಿ ಹೇಳೋದು, ಉಳಿದವರು ಪುಸ್ತಕ ನೋಡದೇ ಬರೆಯೋದು" ಎಂದ ನನ್ನ ಭಟ್ಕಳದ ಗೆಳೆಯ. ಇವನು ನನ್ನದೇ ಕ್ಲಾಸಿನವನು. ಮನೆಯಲ್ಲಿ ನವಾಯತಿ, ಅಂಗಡಿಯಲ್ಲಿ ಉರ್ದು, ನಮ್ಮ ಜೊತೆ ಪಠ್ಯಪುಸ್ತಕದ ಕನ್ನಡ ಮಾತಾಡುತ್ತಿದ್ದ. ಭಾನುವಾರದ ಬಸ್ಸಿಗೆ ಬರುವಾಗ ಡಬ್ಬಿ ತುಂಬ ನಾನ್‌ಖಟಾಯಿ ತರುತ್ತಿದ್ದುದರಿಂದ ಅವನ ಮಾತಿಗೆ ನಮ್ಮ ಮನೆಯಲ್ಲಿ ತೂಕವಿತ್ತು.

ಓದಿ ಹೇಳುವವನು ಪರೀಕ್ಷೆ ಬರೆಯುವಂತಿಲ್ಲ, ಟಿಕ್ ಕಣ್ಣ ಮುಂದೇ ಇರುತ್ತದಲ್ಲ. ಹಾಗಾದರೆ ಯಾರ ನಷ್ಟ ಊರಿಗೆ ನಷ್ಟವಲ್ಲ ಎಂದು ಲೆಕ್ಕ ಹಾಕಿ ಇಬ್ಬರೂ ನನ್ನ ಕಡೆ ನೋಡಿದರು.

ಮನೆಯ ಹಿಂದೆ ಬಲೆ ಇಡುವ ಮಾಡಿನಲ್ಲಿ ನಮ್ಮ ಪರೀಕ್ಷಾ ಕೇಂದ್ರ ಶುರುವಾಯಿತು. ಮೀನು ತುಂಬುವ ಬುಟ್ಟಿಗಳನ್ನು ಕವುಚಿ ಹಾಕಿದರೆ ಡೆಸ್ಕು. ಬಾಗಿಲಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುತ್ತ ಕೂತ ಆಯಿ ಮೇಲ್ವಿಚಾರಕಿ. ಅಲಾರಾಂ ಗಡಿಯಾರ ಅವಳ ಮಡಿಲಲ್ಲಿ. ಅದು ಬಡಿದುಕೊಂಡ ಕೂಡಲೇ ಶೆಟ್ಲಿಯ ಕೈಯನ್ನೇ ಮೇಲೆತ್ತಿ, "ಆತು, ಪೆನ್ಸಿಲ್ ಇಡಿ" ಎನ್ನುವಳು. ಭಟ್ಕಳದವನು ಇನ್ನೊಂದು ಪ್ರಶ್ನೆ ಎಂದು ಕೈಮುಗಿದರೆ, "ನಿನ್ನ ಡಬ್ಬಿ ಖಾಲಿ ಆಯ್ದು, ನಿನ್ನ ಟೈಮೂ ಆಯ್ದು" ಎಂದು ಹಾಳೆ ಕಿತ್ತುಕೊಳ್ಳುವಳು.

ನಾನು ಸುಮ್ಮನೆ ಓದುವವನೇ? ಫಿಸಿಕ್ಸಿನ ಪ್ರಶ್ನೆಗಳನ್ನು ಧಾರವಾಡದವರ ದನಿಯಲ್ಲಿ ಓದಿದೆ. ಕೆಮಿಸ್ಟ್ರಿಯವರು ನಶ್ಯ ಏರಿಸುವವರು, ಅವರದ್ದು ಮೂಗಿನಲ್ಲಿ. ಬಾಟನಿ ಮೇಡಂ ಎಲ್ಲ ವಾಕ್ಯವನ್ನೂ "ಅಲ್ವೇ?" ಎಂದು ಮುಗಿಸುವವರು, ಅವರದ್ದು ಸೆರಗು ಸರಿಮಾಡಿಕೊಳ್ಳುತ್ತ. ಅಕ್ಕ ಮೊದಮೊದಲು ನಗು ತಡೆಯಲಾರದೆ ಗುರುತು ಹಾಕುವುದನ್ನೇ ಬಿಡುತ್ತಿದ್ದಳು. ಆಮೇಲೆ ಒಗ್ಗಿತು. ಮುಖ್ಯ ಲಾಭವೆಂದರೆ, ನಾನು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟರೆ ಅವಳಿಗೆ ಹಿಂದಿನದರ ಮನೆಯಲ್ಲಿ ಕೂತಿರಲು ದಾರಿಯೇ ಇರಲಿಲ್ಲ. ಎದ್ದು ಬರಲೇಬೇಕು.

ಮಾರ್ಕ್ಸ್ ಏರತೊಡಗಿತು. ಏರಿತು ಅಂದರೆ, ಉಬ್ಬರದಲ್ಲಿ ಹೊಳೆ ಏರಿದ ಹಾಗೆ, ಯಾರೂ ಏನೂ ಮಾಡದೆ. ಒಂದು ತಿಂಗಳೊಳಗೆ ಅಕ್ಕ ನೂರಕ್ಕೆ ತೊಂಬತ್ತರ ಆಸುಪಾಸು. ಭಟ್ಕಳದವನು ಎಂಬತ್ತೈದು. ಅಷ್ಟು ಬುದ್ಧಿವಂತ ತಾನು ಎಂದು ಅವನಿಗೇ ಗೊತ್ತಿರಲಿಲ್ಲ, ಕಂಬಕ್ಕೆ ಒರಗಿ ಕೂರುವ ರೀತಿಯೇ ಬದಲಾಯಿತು. ಅಪ್ಪ ಬಂದರಿನಲ್ಲಿ ಕೇಳಿದವರಿಗೂ ಕೇಳದವರಿಗೂ, "ಮಗಳದ್ದು ತೊಂಬತ್ತು ಬತ್ತದೆ" ಎಂದು ಹೇಳುತ್ತ ತಿರುಗಿದ. ಐಸ್ ಹೊಡೆಯುವವನೊಬ್ಬ ಆಗಲೇ ತನ್ನ ಮೊಣಕಾಲು ನೋವಿನ ವಿವರ ಹೇಳಲು ಮನೆಗೆ ಬಂದು ಹೋದ.

ಹೀಗಿರುವಾಗ ಕಾಲೇಜಿನ ಗ್ಯಾದರಿಂಗಿನಲ್ಲಿ ನಾನು ಯಕ್ಷಗಾನದ ರಾಕ್ಷಸನೊಬ್ಬನನ್ನು ಅಣಕಿಸಲು ಹೋಗಿ ಗಂಟಲು ಕೆಡಿಸಿಕೊಂಡೆ. ಜನ ಚಪ್ಪಾಳೆ ಹೊಡೆದರೆಂದು ಮತ್ತೊಮ್ಮೆ ಕೂಗಿದ್ದೇ ತಪ್ಪಾಯಿತು. ಮರುದಿನ ನನ್ನ ಬಾಯಿಂದ ಗಾಳಿ ಮಾತ್ರ ಬರುತ್ತಿತ್ತು. ಆಯಿ ಕಷಾಯ ಕುಡಿಸುತ್ತ, "ಮನೆ ಎಷ್ಟು ತಣ್ಣಗಾಯ್ದು ನೋಡು" ಎಂದು ಸಂತೋಷಪಟ್ಟಳು.

ಆ ಭಾನುವಾರ ಭಟ್ಕಳದವನು ಪುಸ್ತಕ ಹಿಡಿದ. ಅವನ ಓದು ಅವನ ಮಾತಿನಂತೆಯೇ, ಏರಿಳಿತವೇ ಇಲ್ಲ, ರೇಷನ್ ಅಂಗಡಿಯಲ್ಲಿ ಹೆಸರು ಕರೆದ ಹಾಗೆ. ಗಡಿಯಾರ ಬಡಿಯಿತು, ಆಯಿ ಹಾಳೆ ಕಿತ್ತುಕೊಂಡಳು. ಅಕ್ಕನಿಗೆ ನೂರಕ್ಕೆ ಅರವತ್ತೂ ಬಂದಿರಲಿಲ್ಲ.

"ಪತ್ರಿಕೆ ಕಷ್ಟ ಇತ್ತು" ಎಂದು ಅವನು ಸಮಾಧಾನ ಹೇಳಿದ.

ಅಕ್ಕ ಹಾಳೆಯನ್ನೇ ನೋಡುತ್ತ ಕೂತಳು. ನಂತರ ನನ್ನ ಮುಖ ನೋಡಿದಳು. ಲ್ಯಾಬಿನಲ್ಲಿ ಕಪ್ಪೆ ಕೊಯ್ಯುವ ಮೊದಲು ಅದನ್ನು ನೋಡುತ್ತಾಳಲ್ಲ, ಹಾಗೆ. ಅವನನ್ನು ಕರೆದುಕೊಂಡು ಹೊರಗೆ ಹೋಗಿ ಅದೇನೋ ಪಿಸುಗುಟ್ಟಿದಳು.

ಮುಂದಿನ ವಾರ ನನ್ನ ಗಂಟಲು ಮರಳಿತು. ಭಟ್ಕಳದವನು ಒಂದು ಹಾಳೆ ತಂದು ನನ್ನ ಕೈಗೆ ಕೊಟ್ಟ. "ಇದನ್ನು ಓದು. ನಿನಗೆ ಇಷ್ಟವಾದ ದನಿಯಲ್ಲೇ ಓದು. ಸರಿಯುತ್ತರಕ್ಕೆ ನಾನೇ ಟಿಕ್ ಹಾಕಿದ್ದೇನೆ" ಎಂದ. ಅಕ್ಕ ಪೆನ್ಸಿಲ್ ಹಿಡಿದು ಕೂತಳು. ನಾನು ಧಾರವಾಡದವರಾಗಿ ಕೆಮ್ಮಿ ಓದಿದೆ. "ಹೆಬಳೆಯಲ್ಲಿರುವ ನನ್ನ ಮಾವನ ಮನೆಯ ಬೆಕ್ಕಿನ ಬಣ್ಣ ಯಾವುದು? ಎ, ಕಪ್ಪು. ಬಿ, ಬಿಳಿ. ಸಿ, ಬೂದು. ಡಿ, ಅವರ ಮನೆಯಲ್ಲಿ ಬೆಕ್ಕೇ ಇಲ್ಲ."

"ಡಿ" ಎಂದಳು ಅಕ್ಕ.

ನಾನು ಟಿಕ್ ನೋಡಿದೆ. ಡಿ. ನಕ್ಕೆ. ಮುಂದಿನದು ಅವನ ಅಜ್ಜಿಗೆ ಯಾವ ಕಾಲಿನಲ್ಲಿ ಆಣಿ ಇದೆ ಎಂಬುದು. ಅದರ ಮುಂದಿನದು ಅವನ ದೊಡ್ಡಪ್ಪ ದುಬೈಯಿಂದ ಮೊದಲ ಸಲ ಬರುವಾಗ ಏನು ತಂದ ಎಂಬುದು. ಅಕ್ಕ ಅವರ ಮನೆಯ ಹೊಸ್ತಿಲು ತುಳಿದವಳಲ್ಲ, ಅವನ ಅಜ್ಜಿಯನ್ನು ಕಂಡವಳಲ್ಲ. ಒಂದೆರಡು ಬಿಟ್ಟು ಎಲ್ಲವೂ ಸರಿ. ನನ್ನ ನಗು ನಡುದಾರಿಯಲ್ಲೇ ನಿಂತಿತು.

"ಸರಿಯುತ್ತರ ಬಂದ ಕೂಡ್ಲೆ ನಿನ್ನ ದನಿ ಬಾಗ್ತದೆ ತಮಾ" ಎಂದಳು ಅಕ್ಕ. "ಫಿಸಿಕ್ಸ್‌ನವರು ಕ್ಲಾಸಿನಲ್ಲಿ ಹಾಂಗೇ ಮಾಡ್ತ್ರು. ತಪ್ಪುತ್ತರ ಬೇಗ ಹೇಳಿ, ಸರಿಯುತ್ತರದ ಮೊದಲು ಒಂದು ಉಸಿರು ತಕ್ಕಂತ್ರು. ನೀ ಅದನ್ನೂ ಕಲ್ತಿದ್ದೆ. ನಾ ಇಷ್ಟು ದಿನ ಫಿಸಿಕ್ಸ್ ಬರೀಲಿಲ್ಲ, ನಿನ್ನ ಉಸಿರು ಬರ್ದೆ."

ಇದು ನನಗೆ ಸಿಕ್ಕ ಅತಿ ದೊಡ್ಡ ಪ್ರಶಂಸೆಯೂ ಹೌದು, ಆದರೆ ಹಲ್ಲು ಬಿಡುವ ಹೊತ್ತು ಅದಾಗಿರಲಿಲ್ಲ. ಪರೀಕ್ಷೆಗೆ ಉಳಿದದ್ದು ಎರಡು ತಿಂಗಳು. ಊರಿಡೀ ಸುದ್ದಿಯಾದ ತೊಂಬತ್ತು ಈಗ ಅರವತ್ತೂ ಅಲ್ಲ. ಅಕ್ಕ ಎದ್ದು ಹೋಗಿ ಹೊಳೆಯ ದಂಡೆಯಲ್ಲಿ, ಎಳೆದಿಟ್ಟ ದೋಣಿಯ ನೆರಳಿಗೆ ಕೂತಳು. ನಾನು ಹಿಂದೆ ಹೋಗಿ ಬಾಟನಿ ಮೇಡಮ್ಮಿನ ದನಿಯಲ್ಲಿ ಸಮಾಧಾನ ಹೇಳಲು ಬಾಯಿ ತೆಗೆದೆ.

"ಮೇಡಂ ಬೇಡ" ಎಂದಳು. "ಯಾರೂ ಬೇಡ. ಯಾರೂ ಅಲ್ದೇ ಇದ್ದಂಗೆ ಓದೂಕೆ ಬತ್ತದಾ ನಿನಗೆ? ಅದು ಹೇಳು."

ಆ ತನಕ ನನಗೆ ಬರುವುದಿಲ್ಲ ಎಂದು ಯಾರ ದನಿಯ ಬಗ್ಗೆಯೂ ನಾನು ಹೇಳಿದವನಲ್ಲ. ಅಭ್ಯಾಸ ಮಾಡತೊಡಗಿದೆ. ದನಿ ಬಾಗಿತೋ ಇಲ್ಲವೋ ಎಂದು ಅಳೆಯಲು ಆಯಿ ಸಿಕ್ಕಳು. ಪ್ರಶ್ನೆಗಳೆಲ್ಲ ಇಂಗ್ಲಿಷ್, ಅವಳಿಗೆ ಅದರ ಗಂಧವಿಲ್ಲ. ಹಾಗಾಗಿ ಅವಳು ಸರಿಯುತ್ತರ ಹೇಳಿದಳೆಂದರೆ ತಪ್ಪು ನನ್ನದೇ. ಮೊದಲ ದಿನ ರೇಡಿಯೋದ ವಾರ್ತೆಯವರಂತೆ ಓದಿದೆ.

"ಬಿ" ಎಂದಳು ಆಯಿ, ಶೆಟ್ಲಿಯ ತಲೆ ಕೀಳುತ್ತ.

ಸರಿ. ಬಸ್‌ಸ್ಟ್ಯಾಂಡಿನ ಕಂಟ್ರೋಲರನಂತೆ ಓದಿದೆ. "ಎ." ಅದೂ ಸರಿ. ಕುಮಟಾದ ಮಾವನ ಕೋರ್ಟಿನಲ್ಲಿ ಹೆಸರು ಕರೆಯುವಂತೆ ಮೂರು ಸಲ ಕೂಗಿದೆ. "ಸಿ. ನನ್ನ ಒಂದ್ಸಲ ಎಂಟ್ರೆನ್ಸಿಗೆ ಕಳ್ಸಿ ನೋಡಿ" ಎಂದಳು. ಅಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು.

ನನಗೆ ದಾರಿ ಸಿಕ್ಕಿದ್ದು ಬಂದರಿನಲ್ಲಿ. ಬೆಳಿಗ್ಗೆ ಬೋಟು ಬಂದು ಮೀನು ಹರಾಜಿಗೆ ಬಿದ್ದಾಗ ಅದನ್ನು ಕೂಗುವವನೊಬ್ಬನಿದ್ದ. ಎಷ್ಟಕ್ಕೆ ಬಿಟ್ಟುಕೊಡಬಹುದೆಂದು ಬೋಟಿನವರು ಮೊದಲೇ ಅವನ ಕಿವಿಯಲ್ಲಿ ಹೇಳಿರುತ್ತಾರೆ. ಸುತ್ತ ನಿಂತ ಮೀನು ಮಾರುವ ಹೆಂಗಸರು ಅದನ್ನು ಅವನ ಮುಖದಿಂದ ಹೆಕ್ಕಲು ಕಾಯುತ್ತಿರುತ್ತಾರೆ. ಅವನ ಮುಖವನ್ನಷ್ಟೇ ಅಲ್ಲ, ಗಂಟಲನ್ನೂ ಬಗೆದರೂ ಅವರಿಗೆ ಏನೂ ಸಿಗುತ್ತಿರಲಿಲ್ಲ. ಎಲ್ಲ ದರವೂ ಅವನ ಬಾಯಲ್ಲಿ ಒಂದೇ ರಾಗ, ಒಂದೇ ಅಳತೆ, ನಡುವೆ ಉಸಿರಿಗೆ ಜಾಗವೇ ಇಲ್ಲ. ಅಪ್ಪನ ಊಟ ಕೊಡಲು ಹೋದ ನಾನು ಊಟ ಕೈಯಲ್ಲೇ ಹಿಡಿದು ಕೇಳುತ್ತ ನಿಂತೆ.

"ಎಂತ ನೋಡ್ತೆ? ಕೊಡ್ತ್ಯಾ ಇಲ್ವಾ?" ಎಂದ ಅಪ್ಪ.

ಮನೆಗೆ ಬಂದವನೇ ಪುಸ್ತಕ ತೆಗೆದು, ಜೀವಕೋಶದ ಪ್ರಶ್ನೆಯೊಂದನ್ನು ಮೀನಿನ ಹರಾಜಿನ ರಾಗದಲ್ಲಿ ಕೂಗಿದೆ. ಎ, ಬಿ, ಸಿ, ಡಿ ಒಂದರ ಬಾಲ ಇನ್ನೊಂದು ಹಿಡಿದು ಹೋದವು. ಆಯಿ ಕತ್ತಿ ಕೆಳಗಿಟ್ಟಳು. "ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. "ಎಂತದೂ ತಿಳೀಲಿಲ್ಲ" ಎಂದಳು ಬೇಸರದಿಂದ. ಅಕ್ಕ ಎದ್ದು ಬಂದು ನನ್ನ ತಲೆಗೊಂದು ಮೊಟಕಿದಳು. ನಮ್ಮ ಮನೆಯಲ್ಲಿ ಅದೇ ಪದಕ.

ಆಮೇಲಿನ ಪರೀಕ್ಷೆಗಳು ಕೇಳಲು ವಿಚಿತ್ರವಾಗಿದ್ದವು. ದಾರಿಯಲ್ಲಿ ಹೋಗುವ ಮೀನಿನ ಹೆಂಗಸೊಬ್ಬಳು ಬುಟ್ಟಿ ಇಳಿಸಿ, "ಎಂತ ಮೀನಾ ಅದು ಮೈಟೋಕಾಂಡ್ರಿಯ? ನಮ್ ಕಡೆ ಬರೂದಿಲ್ಲಲ್ಲ" ಎಂದು ಬೇಲಿಯಾಚೆಯಿಂದ ಕೇಳಿದಳು. ಮಾರ್ಕ್ಸ್ ಮಾತ್ರ ಐವತ್ತೈದು, ಐವತ್ತೆಂಟರಲ್ಲೇ ತೆವಳುತ್ತಿತ್ತು. ಅಕ್ಕ ಈಗ ಹೊಳೆಯ ದಂಡೆಗೆ ಹೋಗಿ ಕೂರಲಿಲ್ಲ. ತಪ್ಪಿದ್ದನ್ನು ಪ್ರತಿ ಸಂಜೆ ತಿರುಗಿ ಓದುವಳು. ಹಿಂದೆ ನನ್ನ ಉಸಿರು ಹಿಡಿದು ದಾಟಿದ ಪಾಠಗಳು ಯಾವುವೆಂದು ಈಗ ಅವಳಿಗೆ ಕಾಣುತ್ತಿತ್ತು. ಬೆಳಕಿನ ಪಾಠ ಪೂರ್ತಿ ಸಡಿಲ, ಸಸ್ಯಗಳ ವರ್ಗೀಕರಣ ಅರ್ಧ. ಅಲ್ಲೆಲ್ಲ ಹೊಸದಾಗಿ ಕೂತಳು. ಅರವತ್ತೈದಾಯಿತು. ಎಪ್ಪತ್ತರಲ್ಲಿ ಎರಡು ವಾರ ನಿಂತಿತು, ಆಮೇಲೆ ಅದನ್ನೂ ದಾಟಿತು. ಭಟ್ಕಳದವನು ಕಂಬಕ್ಕೆ ಒರಗುವುದನ್ನು ಬಿಟ್ಟು ನೆಟ್ಟಗೆ ಕೂರತೊಡಗಿದ.

ಅಪ್ಪನಿಗೆ ನಿಜ ಹೇಳಿದ್ದೂ ಅಕ್ಕನೇ. "ತೊಂಬತ್ತು ಸುಳ್ಳಾಗಿತ್ತು ಅಪ್ಪ. ಈಗ ಎಪ್ಪತ್ತು ಚಿಲ್ಲರೆ, ಆದ್ರೆ ನಂದೇ" ಎಂದಳು. ಅಪ್ಪ ಬೀಡಿ ಹಚ್ಚಿದ. "ಬಂದರಿನಲ್ಲಿ ಈಗ ಹ್ಯಾಂಗೆ ಇಳ್ಸೂದು?" ಎಂದಷ್ಟೇ ಕೇಳಿದ. ಇಳಿಸಲಿಲ್ಲ. ಕೇಳಿದವರಿಗೆ, "ಓದ್ತಾ ಇದ್ದು" ಎನ್ನತೊಡಗಿದ.

ಪುಸ್ತಕದ ಕೊನೆಯ ಪತ್ರಿಕೆ ಉಳಿಯಿತು. ಪರೀಕ್ಷೆಗೆ ಹೊರಡುವ ಹಿಂದಿನ ಭಾನುವಾರ ಅಕ್ಕ ನನ್ನ ಎದುರು ಬಂದು ಕೂತಳು.

"ಇವತ್ತು ಹರಾಜು ಬೇಡ. ಎಲ್ಲರನ್ನೂ ಕರಿ. ಫಿಸಿಕ್ಸ್‌ನವರು, ನಶ್ಯದವರು, ಮೇಡಂ, ಎಲ್ಲರೂ ಬರ್ಲಿ. ತಪ್ಪುತ್ತರದ ಕಡೆ ಬಾಗಿಸಿ ಓದು. ನಿನ್ನ ಕೈಲಿ ಎಷ್ಟಾಗ್ತದೋ ಅಷ್ಟು ಮೋಸ ಮಾಡು."

"ಎಂತಕ್ಕೆ?"

"ನನಗೆ ಗೊತ್ತಿದ್ದದ್ದು ಗಟ್ಟಿ ಇದ್ಯಾ ನೋಡೂಕೆ."

ನನ್ನ ಜೀವನದ ಒಳ್ಳೆಯ ಪ್ರದರ್ಶನ ಯಾವುದೆಂದು ಕೇಳಿದರೆ ನಾನು ಗ್ಯಾದರಿಂಗಿನ ರಾಕ್ಷಸನನ್ನು ಹೇಳುವುದಿಲ್ಲ, ಇದನ್ನು ಹೇಳುತ್ತೇನೆ. ತಪ್ಪುತ್ತರದ ಮೊದಲು ಧಾರವಾಡದವರು ಉಸಿರು ತೆಗೆದುಕೊಂಡರು. ನಶ್ಯದವರು ಕಣ್ಣು ಮುಚ್ಚಿ ತಲೆಯಾಡಿಸಿದರು. ಮೇಡಂ ಅಂತೂ ತಪ್ಪುತ್ತರವನ್ನು ಅಕ್ಕನ ಕೈಗೆ ಇಟ್ಟು, ಮುಷ್ಟಿ ಮುಚ್ಚಿ, "ಅಲ್ವೇ?" ಎಂದರು. ಭಟ್ಕಳದವನು ಹಣೆ ಒರೆಸಿಕೊಂಡ. ಅಕ್ಕ ತಲೆ ಎತ್ತಲಿಲ್ಲ. ಒಂದೆರಡು ಕಡೆ ಪೆನ್ಸಿಲ್ ನಾನು ತೋರಿದ ಕಡೆ ಹೋಗಿ, ನಿಂತು, ತಿರುಗಿ ಬಂದದ್ದು ಕಂಡಿತು. ಆಯಿ "ಆತು" ಎಂದಳು. ನಾನು ತಿದ್ದಿದೆ. ಎಂಬತ್ತು ದಾಟಿತ್ತು.

"ನಿನಗೆ ಸೋತ್ನಾ?" ಎಂದು ಕೇಳಿದಳು.

"ನಾಲ್ಕು ಕಡೆ."

"ಅಷ್ಟು ನಿನಗಿರ್ಲಿ" ಎಂದಳು.

ಕಾರವಾರದಲ್ಲಿ ಪರೀಕ್ಷೆ ಬರೆದು ಬಂದೆವು. ಮೂವರಿಗೂ ಬೇರೆ ಬೇರೆ ಕೋಣೆ. ಮರಳುವ ಬಸ್ಸಿನಲ್ಲಿ ಅಕ್ಕ ಹೇಳಿದ್ದು ಇಷ್ಟೇ. ಕೊನೆಯ ಪುಟದ ಕೊನೆಯ ಪ್ರಶ್ನೆಯನ್ನೂ ನೋಡಿದೆ, ನೋಡಿದ ಮೇಲೂ ಗಂಟೆ ಹೊಡೆದಿರಲಿಲ್ಲ, ಏನು ಮಾಡಬೇಕೆಂದು ತಿಳಿಯದೆ ಕಿಟಕಿಯಿಂದ ಸಮುದ್ರ ನೋಡಿದೆ ಎಂದು. ನನ್ನ ಪರೀಕ್ಷೆಯ ವಿಷಯ ಹೇಳುವಂಥದ್ದಿಲ್ಲ. ಪುಸ್ತಕದಲ್ಲಿ ಕಂಡಂಥ ಪ್ರಶ್ನೆಗಳು ಬಹಳ ಇದ್ದವು. ಕೆಂಪು ಟಿಕ್ ಮಾತ್ರ ಎಲ್ಲೂ ಇರಲಿಲ್ಲ. ಸೀಟು ನನ್ನವರೆಗೆ ಬರಬೇಕಾದರೆ ರಾಜ್ಯದಲ್ಲಿ ಮನೆಗೊಬ್ಬ ಡಾಕ್ಟರಾಗಬೇಕಿತ್ತು. ಭಟ್ಕಳದವನಿಗೆ ಇಂಜಿನಿಯರಿಂಗ್ ಸಿಕ್ಕಿತು. ಅಷ್ಟು ಹೊತ್ತಿಗೆ ನಾನು ಬಿಎ ಅರ್ಜಿ ತುಂಬಿ ಆಗಿತ್ತು. ಅಲ್ಲಿ ಹೊಸ ಲೆಕ್ಚರರ್‌ಗಳು, ಹೊಸ ದನಿಗಳು.

ಅಕ್ಕನ ರ‍್ಯಾಂಕು ಒಳಗೂ ಅಲ್ಲ, ಹೊರಗೂ ಅಲ್ಲ. ಬೆಂಗಳೂರಿಗೆ ಹೋಗಿ ಕೂತು, ಕರೆಯುವವರೆಗೆ ಸೀಟು ಉಳಿದಿದ್ದರೆ ಉಂಟು. ಕುಮಟಾದ ಮಾವ ಜೊತೆಗೆ ಹೋದ. ಜಡಿಮಳೆ, ಬೋಟುಗಳೆಲ್ಲ ದಡಕ್ಕೆ ಏರಿದ್ದವು. ಅಪ್ಪ ಬಲೆಯ ಮಾಡಿನಲ್ಲಿ ಕೂತು, ಸರಿ ಇದ್ದ ಬಲೆಯನ್ನೇ ಮತ್ತೆ ಮತ್ತೆ ಬಿಡಿಸಿ ಕಟ್ಟುತ್ತಿದ್ದ. ಅವರು ಮರಳುವ ದಿನ ಮೂರು ಬಸ್ಸು ಬಂದು ಹೋದವು. ನಾಲ್ಕನೆಯದರಿಂದ ಇಳಿದು, ನೆನೆದ ಚಪ್ಪಲಿ ಕೈಯಲ್ಲಿ ಹಿಡಿದು ಅಕ್ಕ ಅಂಗಳಕ್ಕೆ ಬಂದಳು. ಹಿಂದೆ ಛತ್ರಿಯೊಳಗೆ ಮಾವ. ಇಬ್ಬರ ಮುಖವೂ ಗಂಭೀರ.

"ಎಂತಾತು?" ಎಂದ ಅಪ್ಪ. ಬಲೆಯ ದಾರ ಬೆರಳಿಗೆ ಸುತ್ತಿಕೊಂಡೇ ಇತ್ತು.

"ಪ್ರಶ್ನೆ ಹೇಳ್ತೆ, ಉತ್ತರ ನೀವೇ ಹೇಳಿ" ಎಂದಳು ಅಕ್ಕ. ನನ್ನ ಕಡೆ ನೋಡಿ ಗಂಟಲು ಸರಿಮಾಡಿಕೊಂಡು, ನನ್ನ ಹರಾಜಿನ ರಾಗ ಹಿಡಿದಳು. "ನಿಮ್ಮ ಮಗಳಿಗೆ ಸೀಟು ಸಿಕ್ಕಿದ್ದು ಎಲ್ಲಿ? ಎ, ಬೆಂಗಳೂರು. ಬಿ, ಮೈಸೂರು. ಸಿ, ಹುಬ್ಬಳ್ಳಿ. ಡಿ, ಎಲ್ಲೂ ಇಲ್ಲ."

ರಾಗ ಎಲ್ಲ ಸರಿಯಾಗಿಯೇ ಇತ್ತು, ಸಿ ಬರುವ ತನಕ. ಅಲ್ಲಿ ಅವಳ ದನಿ ಬಾಗಿತು. ಬಾಗಿದ್ದು ಅಂದರೆ ಸಾಧಾರಣವಾಗಿ ಅಲ್ಲ, ಅಂಗಳ ದಾಟಿ ಬೇಲಿಯವರೆಗೆ ಬಾಗಿತು. ಅಪ್ಪ ಬಾಯಿ ತೆಗೆಯುವ ಮೊದಲೇ ಅಡುಗೆಮನೆಯ ಒಳಗಿಂದ, ಯಾರ ಮುಖವನ್ನೂ ನೋಡದೆ, ಆಯಿ ಕೂಗಿದಳು.

"ಸಿ."

ಅಪ್ಪ ಬೆರಳಿನ ದಾರ ಬಿಡಿಸಲು ನೋಡಿದ. ಅದು ಇನ್ನಷ್ಟು ಸಿಕ್ಕುಬಿತ್ತು. ಹಾಗೆಯೇ ಬಲೆ ಎಳೆದುಕೊಂಡು ಎದ್ದ. ಅಕ್ಕ ಒಳ್ಳೆಯ ಡಾಕ್ಟರಾಗಬಹುದು, ನನಗೆ ಅನುಮಾನವಿಲ್ಲ. ಹರಾಜು ಕೂಗಲು ಮಾತ್ರ ಅವಳನ್ನು ಯಾರೂ ಇಟ್ಟುಕೊಳ್ಳಬಾರದು.